ಉಬುಂಟುವಿನಲ್ಲಿ ಕಟ್ಟಿದ್ದು ಡೆಬಿಯನ್‌ನಲ್ಲಿ ಓಡುತ್ತಿಲ್ಲ: ಡಿಸ್ಟ್ರೋಗಳು ಒಂದಕ್ಕೊಂದು ಹೊಂದಿಕೊಳ್ಳುವುದು ಎಲ್ಲಿ?

ಪ್ರಶ್ನೆ: ಬೆಳ್ಳಿಚುಕ್ಕಿ

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿನಿಂದ ಸಂಜೆ ಹೊತ್ತು ಕುಳಿತು ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೇನೆ. ಫೋಟೋ ಕಡತದೊಳಗೆ ಕ್ಯಾಮೆರಾ ಬರೆದಿಟ್ಟ ದಿನಾಂಕವನ್ನು ಓದಿ, ಅದರ ಪ್ರಕಾರ ಕಡತಕ್ಕೆ ಹೆಸರಿಟ್ಟು, ಒಂದೊಂದು ಫೋಟೋಗೂ ಒಂದು ಪುಟ್ಟ ಚಿತ್ರ ಮಾಡಿಕೊಡುವುದು ಅದರ ಕೆಲಸ. ನನ್ನ ಕಂಪ್ಯೂಟರಿನಲ್ಲಿ ಉಬುಂಟು 24.04 ಎಂಬ ಡಿಸ್ಟ್ರೋ (ಲಿನಕ್ಸ್ ಕರ್ನಲ್ ಸುತ್ತ ತಂತ್ರಾಂಶಗಳನ್ನು ಜೋಡಿಸಿ ಕೊಡುವ ವ್ಯವಸ್ಥೆ) ಇದೆ. ಅಲ್ಲಿ ಪ್ರೋಗ್ರಾಂ ಎಲ್ಲಿಯೂ ತಡವರಿಸದೆ ಓಡುತ್ತದೆ.

ಇದನ್ನು ಬರೆದದ್ದೇ ಒಬ್ಬ ಗೆಳತಿಗಾಗಿ. ಅವಳ ತಂದೆ ತೆಗೆದ ಸುಮಾರು 11,000 ಫೋಟೋಗಳು ಹೆಸರಿಲ್ಲದೆ, ಕ್ರಮವಿಲ್ಲದೆ ಒಂದೇ ಕಡತಕೋಶದಲ್ಲಿ ಬಿದ್ದಿವೆ. ಅವಳದು ಡೆಬಿಯನ್ 12 ಎಂಬ ಇನ್ನೊಂದು ಡಿಸ್ಟ್ರೋ. ಎರಡೂ ಕಡೆ ಪ್ಯಾಕೇಜ್ ರೂಪ ಒಂದೇ, ಡೆಬ್. ಹಾಗಾಗಿ ನಾನು ಕಟ್ಟಿದ ಪ್ಯಾಕೇಜನ್ನೇ ನಿಶ್ಚಿಂತೆಯಿಂದ ಕಳಿಸಿದೆ. ಜೆಪೆಗ್ ಚಿತ್ರಗಳನ್ನು ಓದುವ ಲಿಬ್‌ಜೆಪೆಗ್-ಟರ್ಬೋ8 ಎಂಬ ಲೈಬ್ರರಿ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಬೇಕು, ಅದು ಸಿಗುತ್ತಿಲ್ಲ ಎಂದು ಹೇಳಿ ಅದು ಅನುಸ್ಥಾಪನೆಯನ್ನೇ ನಿರಾಕರಿಸಿತು. ಪ್ರೋಗ್ರಾಂ ಕಡತವನ್ನು ಮಾತ್ರ ಹೊರತೆಗೆದು ಓಡಿಸಿದರೆ ಲಿಬ್‌ಜೆಪೆಗ್‌ನ 8ನೇ ಕಡತ ಇಲ್ಲ ಎಂದಿತು. ಅವಳಲ್ಲಿ ಇರುವುದು 62. ಯಾರೋ ಹೇಳಿದರೆಂದು 62ಕ್ಕೆ 8 ಎಂಬ ಹೆಸರಿನ ಕೊಂಡಿ (ಸಿಮ್‌ಲಿಂಕ್) ಮಾಡಿದೆವು. ಆಗ ಮೂರು ಸಾಲು ಬಂದವು: ಲಿಬ್‌ಜೆಪೆಗ್ 8.0 ಸಿಗಲಿಲ್ಲ, ಜಿಲಿಬ್‌ಸಿಎಕ್ಸ್‌ಎಕ್ಸ್ (ಸಿ ಪ್ಲಸ್ ಪ್ಲಸ್‌ನ ಮೂಲ ಲೈಬ್ರರಿ) 3.4.32 ಸಿಗಲಿಲ್ಲ, ಜಿಲಿಬ್‌ಸಿ (ಸಿ ಭಾಷೆಯ ಮೂಲ ಲೈಬ್ರರಿ) 2.38 ಸಿಗಲಿಲ್ಲ.

ಇನ್ನೊಬ್ಬ ಗೆಳೆಯನದು ಫೆಡೋರಾ. ಅಲ್ಲಿ ಡೆಬ್ ಪ್ಯಾಕೇಜಿನ ಮಾತೇ ಇಲ್ಲ.

ಕರ್ನಲ್ ಒಂದೇ, ಕಂಪೈಲರ್ ಒಂದೇ, ಲೈಬ್ರರಿ ಬರೆದವರೂ ಅವರೇ. ಹೀಗಿದ್ದೂ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವಂತೆ ಇವರೆಲ್ಲ ಏಕೆ? ಎಲ್ಲರೂ ಕುಳಿತು ಒಂದು ಒಪ್ಪಂದಕ್ಕೆ ಬರಲು ಯಾರೂ ಪ್ರಯತ್ನಿಸಿಲ್ಲವೇ? ಸದ್ಯಕ್ಕೆ ನಾನು ಏನು ಮಾಡಬೇಕು? ಬೇಸರದಲ್ಲಿ ಬರೆಯುತ್ತಿದ್ದೇನೆ, ಆದರೆ ಕಲಿಯುವ ಆಸೆಯಿಂದಲೇ ಕೇಳುತ್ತಿದ್ದೇನೆ.

ಉತ್ತರ 1: ಕಿರುದಾರಿ

ಆಪ್‌ಇಮೇಜ್ ಅಥವಾ ಫ್ಲಾಟ್‌ಪ್ಯಾಕ್ ಮಾಡಿ. ಬೇಕಾದ ಲೈಬ್ರರಿಗಳು ಪ್ರೋಗ್ರಾಮಿನ ಜೊತೆಗೇ ಹೋಗುತ್ತವೆ, ಅವಳ ಯಂತ್ರದಲ್ಲಿ 8 ಇದೆಯೋ 62 ಇದೆಯೋ ಎಂದು ನೋಡುವ ಅಗತ್ಯವೇ ಬೀಳುವುದಿಲ್ಲ. ನಿಮಗಾದ ತೊಂದರೆ ದೊಡ್ಡವರಿಗೂ ಆಗಿದೆ. ಲಿನಸ್ ಟೊರ್ವಾಲ್ಡ್ಸ್ ಅವರು ಮುಳುಗುಗಾರರಿಗಾಗಿ ಆರಂಭಿಸಿದ ಸಬ್‌ಸರ್ಫೇಸ್ ಎಂಬ ತಂತ್ರಾಂಶವಿದೆ. ಅದನ್ನು ಡಿಸ್ಟ್ರೋಗಳಿಗೆಲ್ಲ ಬೈನರಿಯಾಗಿ (ಕಂಪೈಲ್ ಆಗಿ ನೇರವಾಗಿ ಓಡುವ ಕಡತವಾಗಿ) ಕಟ್ಟಿಕೊಡುವುದು ಎಷ್ಟು ಯಾತನೆ ಎಂದು 2014ರ ಡೆಬ್‌ಕಾನ್ಫ್ ಸಮ್ಮೇಳನದಲ್ಲಿ ಡೆಬಿಯನ್ ಜನರ ಎದುರಿಗೇ ಅವರು ಹೇಳಿದ್ದರು. ಆಮೇಲೆ ಅದು ಆಪ್‌ಇಮೇಜ್ ಆಗಿಯೂ ಬಂತು.

ಒಂದು ಎಚ್ಚರಿಕೆ: ಆಪ್‌ಇಮೇಜ್ ಮಾಡುವುದಾದರೆ ಹಳೆಯ ಡಿಸ್ಟ್ರೋ ಒಂದರ ಮೇಲೆ ಕಂಪೈಲ್ ಮಾಡಿ. ಜಿಲಿಬ್‌ಸಿಯನ್ನು ಸಾಮಾನ್ಯವಾಗಿ ಅದರೊಳಗೆ ತುಂಬುವುದಿಲ್ಲ, ಓಡಿಸುವ ಯಂತ್ರದಲ್ಲಿ ಇರುವುದನ್ನೇ ಬಳಸುತ್ತದೆ.

ಉತ್ತರ 2: ಮೂಲಸೆಲೆ

ಬೆಳ್ಳಿಚುಕ್ಕಿಯವರೇ, ಮೊದಲು ಆ ಕೊಂಡಿಯನ್ನು ಅಳಿಸಿ. ಉಳಿದ ಮಾತು ಆಮೇಲೆ. ನಾನು ಹದಿನಾಲ್ಕು ವರ್ಷಗಳಿಂದ ಒಂದು ಡಿಸ್ಟ್ರೋದಲ್ಲಿ ಪ್ಯಾಕೇಜುಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಹೆಸರು ಬದಲಿಸಿದ ಕೊಂಡಿಯಿಂದ ಹಾಳಾದ ಯಂತ್ರಗಳನ್ನು ಬಹಳ ನೋಡಿದ್ದೇನೆ.

ನಿಮಗೆ ಬಂದ ಮೂರು ಸಾಲುಗಳಿಗೆ ಕಾರಣ ಬೇರೆ ಬೇರೆ. ಲಿಬ್‌ಜೆಪೆಗ್‌ನದು ಉದ್ದನೆಯ ಕಥೆ. 1998ರಲ್ಲಿ ಬಂದ 6ಬಿ ಆವೃತ್ತಿಯನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಲ್ಲರೂ ಬಳಸಿದರು. ಕಡತದ ಹೆಸರಿನಲ್ಲಿರುವ 62 ಅಲ್ಲಿಯದು. 2009ರಲ್ಲಿ 7, 2010ರಲ್ಲಿ 8 ಬಂದವು. ಎರಡರಲ್ಲಿಯೂ ಒಳಗಿನ ರಚನೆ ಬದಲಾಯಿತು. ಬಳಿಕ ಬಂದ ಲಿಬ್‌ಜೆಪೆಗ್-ಟರ್ಬೋ ವೇಗವಾದದ್ದು. ಅದನ್ನು ಕಟ್ಟುವಾಗ ಹಳೆಯ 62ರಂತೆ ನಡೆದುಕೊಳ್ಳಬೇಕೋ 8ರಂತೆ ನಡೆದುಕೊಳ್ಳಬೇಕೋ ಎಂದು ಕಟ್ಟುವವರು ಆರಿಸಬಹುದು. ಉಬುಂಟು 8ನ್ನು ಆರಿಸಿತು, ಆಗ ಡೆಬಿಯನ್‌ನಲ್ಲಿಯೂ 8ರ ಲೆಕ್ಕವೇ ನಡೆಯುತ್ತಿತ್ತು. ಮುಂದೆ ಡೆಬಿಯನ್ ತಾನು ಟರ್ಬೋಗೆ ಬದಲಾದಾಗ 62ನ್ನು ಹಿಡಿಯಿತು. ಫೆಡೋರಾದಲ್ಲಿಯೂ 62. ಎರಡೂ ಆಯ್ಕೆಗಳು ಆಯಾ ಹೊತ್ತಿಗೆ ಸರಿಯಾಗಿಯೇ ಇದ್ದವು. ಆದರೆ ಒಮ್ಮೆ ನೂರಾರು ಪ್ಯಾಕೇಜುಗಳು ಒಂದು ಸಂಖ್ಯೆಯನ್ನು ನಂಬಿ ಕಟ್ಟಿಕೊಂಡ ಮೇಲೆ ಅದನ್ನು ಬದಲಿಸುವುದು ಮನೆಯ ಅಡಿಪಾಯ ಬದಲಿಸಿದಷ್ಟು ಕಷ್ಟ.

ಕೊಂಡಿ ಏಕೆ ಕೆಲಸ ಮಾಡುವುದಿಲ್ಲ ಎಂದರೆ, ಚಿತ್ರ ಬಿಡಿಸಿ ಓದಲು ಬೇಕಾದ ದೊಡ್ಡ ಸ್ಟ್ರಕ್ಟ್‌ಗೆ (ಮಾಹಿತಿಯನ್ನು ಕ್ರಮವಾಗಿ ಇಡುವ ಕಟ್ಟಿಗೆ) ಜಾಗ ಕೊಡುವುದು ಲೈಬ್ರರಿಯಲ್ಲ, ನಿಮ್ಮ ಪ್ರೋಗ್ರಾಂ. ಆ ಸ್ಟ್ರಕ್ಟ್‌ನ ಗಾತ್ರವೂ ಒಳಗಿನ ಸ್ಥಾನಗಳೂ 62ರಲ್ಲಿ ಒಂದು, 8ರಲ್ಲಿ ಇನ್ನೊಂದು. ಪ್ರೋಗ್ರಾಮಿಗೆ ಲೈಬ್ರರಿಗಳನ್ನು ಜೋಡಿಸುವ ಲೋಡರ್ ಕಣ್ಣು ತಪ್ಪಿ ಒಳಗೆ ಬಿಟ್ಟಿದ್ದರೂ ಲೈಬ್ರರಿಯೇ ನಿಮ್ಮನ್ನು ತಡೆಯುತ್ತಿತ್ತು. ಆರಂಭದಲ್ಲೇ ಅದು ಆವೃತ್ತಿಯನ್ನೂ ಗಾತ್ರವನ್ನೂ ಹೋಲಿಸಿ, ಲೈಬ್ರರಿ 62, ಕರೆದವರು ಕೇಳುತ್ತಿರುವುದು 80 ಎಂದು ಹೇಳಿ ನಿಲ್ಲಿಸುತ್ತದೆ. ಬರೆದವರ ಈ ಮುಂದಾಲೋಚನೆಯನ್ನು ನೋಡಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಅದಿಲ್ಲದಿದ್ದರೆ ತಪ್ಪು ಜಾಗದಿಂದ ತಪ್ಪು ಬೈಟುಗಳನ್ನು ಓದಿ, ಆ ಫೋಟೋಗಳ ಪುಟ್ಟ ಚಿತ್ರಗಳೆಲ್ಲ ಕೆಟ್ಟು ಹೋಗಬಹುದಿತ್ತು.

ಉಳಿದ ಎರಡು ಸಾಲುಗಳಿಗೆ ಕಾರಣ ಕಾಲ ಮಾತ್ರ. ಡೆಬಿಯನ್ 12 ಬಿಡುಗಡೆಯಾದದ್ದು 2023ರ ಜೂನ್‌ನಲ್ಲಿ, ಜಿಲಿಬ್‌ಸಿ 2.36 ಮತ್ತು ಜಿಸಿಸಿ ಎಂಬ ಕಂಪೈಲರಿನ 12ನೇ ಆವೃತ್ತಿಯೊಂದಿಗೆ. ಜಿಲಿಬ್‌ಸಿ 2.38 ಬಂದದ್ದು ಆಗಸ್ಟ್‌ನಲ್ಲಿ. ನಿಮ್ಮ ಉಬುಂಟುವಿನಲ್ಲಿ ಇರುವುದು 2.39. ನೀವು ಯಾವ ಹೊಸ ಸೌಲಭ್ಯವನ್ನೂ ಬಳಸಿರಲಿಕ್ಕಿಲ್ಲ. ಅಕ್ಷರಗಳನ್ನು ಸಂಖ್ಯೆಯಾಗಿಸುವ ಸ್ಟೋಯಿ ಎಂಬ ಫಂಕ್ಷನ್ನನ್ನು ಎಲ್ಲೋ ಕರೆದಿರುತ್ತೀರಿ, ಅಷ್ಟೇ. ಸಿ ಭಾಷೆಯ ಹೊಸ ಮಾನದಂಡ ದ್ವಿಮಾನ ಸಂಖ್ಯೆಗಳನ್ನೂ ಓದಬೇಕೆಂದು ಹೇಳಿದ್ದರಿಂದ, 2.38ರಲ್ಲಿ ಅದೇ ಕೆಲಸಕ್ಕೆ ಹೊಸ ಹೆಸರಿನ ಬಾಗಿಲೊಂದನ್ನು ತೆರೆದರು. ಹೊಸ ಹೆಡರ್‌ಗಳೊಂದಿಗೆ (ಫಂಕ್ಷನ್‌ಗಳ ವಿವರ ಹೇಳುವ ಕಡತಗಳೊಂದಿಗೆ) ಕಂಪೈಲ್ ಮಾಡಿದರೆ ಪ್ರೋಗ್ರಾಂ ಆ ಬಾಗಿಲನ್ನೇ ಹುಡುಕುತ್ತದೆ. ಹಳೆಯ ಬಾಗಿಲು ಮುಚ್ಚಿಲ್ಲ, ಆದ್ದರಿಂದ ಹಿಂದೆ ಕಟ್ಟಿದ್ದು ಇಂದು ಓಡುತ್ತದೆ. ಇಂದು ಕಟ್ಟಿದ್ದು ಹಿಂದಿನದರ ಮೇಲೆ ಓಡಬೇಕೆಂದರೆ ಆಗುವುದಿಲ್ಲ. 3.4.32ರ ವಿಷಯವೂ ಹೀಗೆಯೇ, ಅದು ಜಿಸಿಸಿ 13ರ ಕಾಲದ್ದು.

ಈಗ ನಿಮ್ಮ ದೊಡ್ಡ ಪ್ರಶ್ನೆ. ಪ್ರಯತ್ನಿಸಿದ್ದಾರೆ, ಬಹಳ ಗಂಭೀರವಾಗಿಯೇ. ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್‌ನ ಮೊದಲ ಆವೃತ್ತಿ 2001ರಲ್ಲಿ ಬಂತು. ಯಾವ ಲೈಬ್ರರಿ ಇರಬೇಕು, ಅದರಲ್ಲಿ ಯಾವ ಫಂಕ್ಷನ್ ಇರಬೇಕು ಎಂದೆಲ್ಲ ಅದು ಬರೆದಿಟ್ಟಿತು. 2006ರಲ್ಲಿ ಅದು ಐಎಸ್‌ಒ ಮಾನದಂಡವೂ ಆಯಿತು. ಪ್ಯಾಕೇಜ್ ರೂಪ ಆರ್‌ಪಿಎಂ ಎಂದು ಅದು ಹೇಳಿತ್ತು, ಡೆಬಿಯನ್ ಅದಕ್ಕೆಂದು ಏಲಿಯನ್ ಎಂಬ ಪರಿವರ್ತಕವನ್ನು ಬಳಸಬೇಕಾಯಿತು. 2015ರಲ್ಲಿ 5.0 ಬಂತು, ಅದೇ ವರ್ಷ ಡೆಬಿಯನ್ ಅದನ್ನು ಕೈಬಿಟ್ಟಿತು. 2002ರಲ್ಲಿ ಸುಸೆ, ಕಾಲ್ಡೆರಾ, ಕನೆಕ್ಟಿವಾ, ಟರ್ಬೋಲಿನಕ್ಸ್ ಸೇರಿ ಯುನೈಟೆಡ್‌ಲಿನಕ್ಸ್ ಎಂಬ ಒಂದೇ ತಳಹದಿ ಕಟ್ಟಲು ಹೊರಟವು, ಅದೂ ಎರಡು ವರ್ಷದಲ್ಲಿ ಮುಗಿಯಿತು.

ಬೈನರಿಗಳನ್ನು ಒಂದು ಮಾಡಲು ಹೊರಟ ಕೆಲಸಗಳು ಸೋತವು. ಗೆದ್ದ ಒಪ್ಪಂದಗಳು ಚಿಕ್ಕವು, ಪಠ್ಯ ಕಡತದ ಗಾತ್ರದವು. ಯಾವ ಕಡತಕೋಶದಲ್ಲಿ ಏನಿರಬೇಕು ಎಂಬ ಒಪ್ಪಂದ 1994ರಿಂದ ಬೆಳೆದು ಬಂದಿದೆ. ಮೆನುವಿನಲ್ಲಿ ನಿಮ್ಮ ಪ್ರೋಗ್ರಾಮಿನ ಹೆಸರೂ ಐಕಾನೂ ಕಾಣಿಸಲು ಬರೆಯುವ ಡೆಸ್ಕ್‌ಟಾಪ್ ಕಡತ, 2000ದಲ್ಲಿ ಆರಂಭವಾದ ಫ್ರೀಡೆಸ್ಕ್‌ಟಾಪ್ ಯೋಜನೆಯ ಕೊಡುಗೆ. ಅದನ್ನು ನೀವು ಒಮ್ಮೆ ಬರೆದರೆ ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್‌ಗಳೆಲ್ಲವೂ ಓದುತ್ತವೆ. ಯಾವ ಡಿಸ್ಟ್ರೋ, ಯಾವ ಆವೃತ್ತಿ ಎಂದು ತಿಳಿಯಲು ಒಂದು ಕಾಲದಲ್ಲಿ ಹತ್ತು ಹೆಸರಿನ ಕಡತಗಳನ್ನು ತಡಕಬೇಕಿತ್ತು. 2012ರಲ್ಲಿ, ಯಂತ್ರದ ಸೇವೆಗಳನ್ನು ಆರಂಭಿಸಿ ನಡೆಸುವ ಸಿಸ್ಟಂಡಿ ತಂದ ಓಎಸ್-ರಿಲೀಸ್ ಎಂಬ ಒಂದೇ ಕಡತ ಇಂದು ಹೆಚ್ಚುಕಡಿಮೆ ಎಲ್ಲ ಕಡೆ ಇದೆ.

ನಿಜವಾದ ಸಹಕಾರ ನಡೆಯುವುದು ಮೂಲ ಕೋಡ್‌ನಲ್ಲಿ. ಹೊರಗಿನಿಂದ ಅದು ಕಾಣುವುದಿಲ್ಲ, ಅದಕ್ಕೇ ನಿಮಗೆ ಇವರೆಲ್ಲ ಮುಖ ತಿರುಗಿಸಿ ಕುಳಿತವರಂತೆ ಕಾಣುತ್ತಾರೆ. ನಾನು ನೋಡಿಕೊಳ್ಳುವ ಪ್ಯಾಕೇಜುಗಳಲ್ಲಿ ಒಂದು, ನಿಮ್ಮ ಪ್ರೋಗ್ರಾಮಿನಂತೆಯೇ ಫೋಟೋದೊಳಗಿನ ಮಾಹಿತಿ ಓದುವ ಚಿಕ್ಕ ಲೈಬ್ರರಿ. ಒಮ್ಮೆ ಅದರ ಪರೀಕ್ಷೆಗಳು ಎಸ್390ಎಕ್ಸ್ ಎಂಬ ಐಬಿಎಂ ಮೇನ್‌ಫ್ರೇಮ್ ಯಂತ್ರದಲ್ಲಿ ಮಾತ್ರ ಸೋಲತೊಡಗಿದವು. ಅಲ್ಲಿ ಸಂಖ್ಯೆಯ ಹಿರಿಯ ಬೈಟ್ ಮೊದಲು ಬರುತ್ತದೆ, ನಮ್ಮ ನಿಮ್ಮ ಮೇಜಿನ ಮೇಲಿನ ಯಂತ್ರಗಳಲ್ಲಿ ಕೊನೆಗೆ. ಮೂರು ರಾತ್ರಿ ಅದರ ಹಿಂದೆ ಬಿದ್ದೆ. 2007 ಎಂಬ ವರ್ಷ ಎಲ್ಲಿಯೋ ತಲೆಕೆಳಗಾಗಿ ದೊಡ್ಡ ಸಂಖ್ಯೆಯಾಗುತ್ತಿತ್ತು, ಎಲ್ಲಿ ಎಂಬುದು ಕೈಗೆ ಸಿಗುತ್ತಿರಲಿಲ್ಲ. ನಾಲ್ಕನೆಯ ದಿನ ಇನ್ನೊಂದು ಡಿಸ್ಟ್ರೋದ ಪ್ಯಾಕೇಜ್ ಕಡತಗಳನ್ನು ತೆರೆದು ನೋಡಿದೆ. ಅಲ್ಲಿ ಒಂದು ತೇಪೆ (ಕೋಡ್‌ಗೆ ಮಾಡಿದ ಚಿಕ್ಕ ತಿದ್ದುಪಡಿ) ಇತ್ತು, ನಾಲ್ಕೇ ಸಾಲು. ಎರಡು ವರ್ಷ ಹಿಂದೆಯೇ ಯಾರೋ ಅದನ್ನು ಬರೆದಿದ್ದರು. ತೇಪೆಯ ತಲೆಯಲ್ಲಿ ಬರೆದವರ ಹೆಸರು, ಕಾರಣ, ದಿನಾಂಕ ಎಲ್ಲ ಅಚ್ಚುಕಟ್ಟಾಗಿ ಇದ್ದವು. ಕೊನೆಯ ಸಾಲು ಮಾತ್ರ, ಮೂಲ ಯೋಜನೆಗೆ ಕಳಿಸಿದ್ದು: ಇಲ್ಲ.

ಆ ಒಂದು ಪದ ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿದೆ. ನಾನು ಅವರಿಗೆ ಮಿಂಚಂಚೆ ಬರೆದು ಕೇಳಿದೆ. ಕಳಿಸಬೇಕು ಎಂದುಕೊಂಡಿದ್ದೆ, ಮನೆಯಲ್ಲಿ ಅನಾರೋಗ್ಯವಿತ್ತು, ಮರೆತೇ ಹೋಯಿತು, ದಯವಿಟ್ಟು ನೀವೇ ಕಳಿಸಿ ಎಂದರು. ಅವರ ಹೆಸರಿನಲ್ಲೇ ಕಳಿಸಿದೆ. ಮುಂದಿನ ಬಿಡುಗಡೆಯಲ್ಲಿ ಆ ನಾಲ್ಕು ಸಾಲು ಮೂಲದಲ್ಲೇ ಸೇರಿತು. ಅವರ ಕಡೆ ತೇಪೆ ತೆಗೆದರು, ನನಗೆ ತೇಪೆ ಹಾಕುವ ಪ್ರಸಂಗವೇ ಬರಲಿಲ್ಲ. ಆ ಲೈಬ್ರರಿಯನ್ನು ಕಟ್ಟುವ ಉಳಿದ ಡಿಸ್ಟ್ರೋಗಳಲ್ಲಿ ಯಾರಿಗೂ ಆ ಮೂರು ರಾತ್ರಿಗಳು ಬರಲಿಲ್ಲ.

ಮನೆಯಲ್ಲೇ ಉಳಿದ ತೇಪೆ ಕೆಲವೊಮ್ಮೆ ಅಪಾಯವನ್ನೂ ತರುತ್ತದೆ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ಲೈಬ್ರರಿಯ 2024ರ ಪ್ರಕರಣ ನೆನಪಿರಬಹುದು. ದೂರದ ಯಂತ್ರಕ್ಕೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆ ಎಂದು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಅದರ ಬೇರು ಹುಡುಕುತ್ತಾ ಹೋಗಿ, ಎಕ್ಸ್‌ಝೆಡ್ 5.6.0 ಮತ್ತು 5.6.1ರಲ್ಲಿ ಅಡಗಿಸಿಟ್ಟ ಹಿಂಬಾಗಿಲನ್ನು ಕಂಡುಹಿಡಿದರು. ಡೆಬಿಯನ್‌ನ ಭದ್ರತಾ ತಂಡಕ್ಕೂ, ಡಿಸ್ಟ್ರೋಗಳ ಭದ್ರತಾ ತಂಡಗಳೆಲ್ಲ ಇರುವ ಖಾಸಗಿ ಅಂಚೆಪಟ್ಟಿಗೂ ತಿಳಿಸಿ, ಮಾರ್ಚ್ 29ರಂದು ಬಹಿರಂಗಪಡಿಸಿದರು. ಡೆಬಿಯನ್, ಫೆಡೋರಾ, ಓಪನ್‌ಸುಸೆ, ಆರ್ಚ್ ಎಲ್ಲವೂ ಕೂಡಲೇ ಹಾಳಾದ ಆವೃತ್ತಿಗಳನ್ನು ಹಿಂತೆಗೆದುಕೊಂಡವು. ಆ ವೇಗ ಸಹಕಾರದ ಫಲ. ಆದರೆ ಆ ಲೈಬ್ರರಿ ಎಸ್‌ಎಸ್‌ಎಚ್‌ನೊಳಗೆ ಬಂದದ್ದು ಹೇಗೆ? ಮೂಲ ಓಪನ್‌ಎಸ್‌ಎಸ್‌ಎಚ್‌ಗೂ ಅದಕ್ಕೂ ಸಂಬಂಧವಿಲ್ಲ. ಸೇವೆ ಆರಂಭವಾಯಿತೆಂದು ಸಿಸ್ಟಂಡಿಗೆ ತಿಳಿಸಲು ಕೆಲವು ಡಿಸ್ಟ್ರೋಗಳು ತಾವೇ ಹಾಕಿಕೊಂಡಿದ್ದ ತೇಪೆಯ ಮೂಲಕ ಅದು ಹಿಂದೆಯೇ ಬಂದಿತ್ತು. ಅದೇ ವರ್ಷ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಆ ಸೂಚನೆ ಕೊಡುವ ಕೋಡ್ ಮೂಲದಲ್ಲೇ ಸೇರಿತು, ಬೇರೆ ಲೈಬ್ರರಿಯ ಹಂಗಿಲ್ಲದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಬೈನರಿಯನ್ನು ಊರೂರಿಗೆ ಹೊತ್ತುಕೊಂಡು ಹೋಗಬೇಡಿ, ಮೂಲ ಕೋಡ್‌ನ್ನು ಯಾರು ಬೇಕಾದರೂ ಕಟ್ಟಬಲ್ಲಷ್ಟು ಚೊಕ್ಕಟವಾಗಿಡಿ. ಕಟ್ಟುವ ಕ್ರಮ ಬರೆದಿಟ್ಟ ನಿಮ್ಮ ಮೇಕ್ ಕಡತವನ್ನು ಈಗಲೇ ತೆರೆದು ನೋಡಿ. ಲೈಬ್ರರಿ ಇರುವ ಜಾಗವನ್ನು ಕೈಯಾರೆ ಬರೆದಿದ್ದರೆ ತೆಗೆದುಹಾಕಿ. ಡೆಬಿಯನ್ ಬಳಗದಲ್ಲಿ ಅದು ಯಂತ್ರದ ಜಾತಿಯ ಹೆಸರಿರುವ ಉಪಕೋಶದಲ್ಲಿರುತ್ತದೆ, ಫೆಡೋರಾದಲ್ಲಿ ಲಿಬ್64ರಲ್ಲಿ. ಎಲ್ಲಿದೆ ಎಂದು ಪಿಕೆಜಿ-ಕಾನ್ಫಿಗ್ ಎಂಬ ಸಲಕರಣೆಗೆ ಕೇಳಿದರೆ ಅದೇ ಹೇಳುತ್ತದೆ. ಪರವಾನಗಿಯ ಕಡತ ಹಾಕಿ, ಬಿಡುಗಡೆಗೆ ಸಂಖ್ಯೆ ಕೊಡಿ. ಗೆಳತಿಗೆ ಇವತ್ತೇ ಬೇಕೆಂದರೆ ಪಾಡ್‌ಮನ್ ಎಂಬ ಸಲಕರಣೆಯಲ್ಲಿ ಡೆಬಿಯನ್ 12ರ ಕಂಟೇನರ್ (ನಿಮ್ಮ ಯಂತ್ರದೊಳಗೇ ಬೇರೆಯಾಗಿ ಓಡುವ ಡೆಬಿಯನ್) ತೆರೆದು ಅದರೊಳಗೆ ಕಟ್ಟಿ. ಕೋಡ್ ಒಂದೇ, ಅಲ್ಲಿ ಕಟ್ಟಿದಾಗ ತಾನಾಗಿಯೇ 62ನ್ನು ಹಿಡಿಯುತ್ತದೆ. ಮುಂದೆ ಹಲವು ಡಿಸ್ಟ್ರೋಗಳಿಗೆ ಕಟ್ಟಬೇಕೆನಿಸಿದರೆ ಓಪನ್‌ಸುಸೆಯವರ ಬಿಲ್ಡ್ ಸರ್ವಿಸ್ ಇದೆ. ಅದು ತಮ್ಮ ಡಿಸ್ಟ್ರೋಗೆ ಮಾತ್ರವಲ್ಲ, ಡೆಬಿಯನ್, ಉಬುಂಟು, ಫೆಡೋರಾಗಳಿಗೂ ಕಟ್ಟಿಕೊಡುತ್ತದೆ.

ಉತ್ತರ 3: ಕಿರುದಾರಿ

ಮೂಲಸೆಲೆಯವರೇ, ನೀವು ಬರೆದದ್ದನ್ನು ಎರಡು ಬಾರಿ ಓದಿದೆ. ಆದರೂ ಒಂದು ಮಾತಿಗೆ ಒಪ್ಪಿಗೆಯಿಲ್ಲ. ಹೊಸಬರೊಬ್ಬರ ಪುಟ್ಟ ಪ್ರೋಗ್ರಾಂ ಡಿಸ್ಟ್ರೋದೊಳಗೆ ಸೇರಬೇಕಾದರೆ ಅದನ್ನು ನೋಡಿಕೊಳ್ಳಲು ಯಾರಾದರೂ ಮುಂದೆ ಬರಬೇಕು, ಪರಿಶೀಲನೆ ಆಗಬೇಕು, ಡೆಬಿಯನ್‌ನಲ್ಲಾದರೆ ಮುಂದಿನ ಸ್ಥಿರ ಆವೃತ್ತಿಯವರೆಗೆ ಕಾಯಬೇಕು. ಆ ಹೊತ್ತಿಗೆ ಬರೆದವರ ಉತ್ಸಾಹವೇ ಆರಿರುತ್ತದೆ. ಫ್ಲಾಟ್‌ಪ್ಯಾಕ್ ಕೂಡ ಸಹಕಾರವೇ ಅಲ್ಲವೇ? ಅದರ ತಳಹದಿಯಾದ ಫ್ರೀಡೆಸ್ಕ್‌ಟಾಪ್ ರನ್‌ಟೈಮ್ (ಲೈಬ್ರರಿಗಳ ಸಿದ್ಧ ಗುಂಪು) ಯಾವ ಒಂದು ಡಿಸ್ಟ್ರೋಗೂ ಸೇರಿದ್ದಲ್ಲ. ಅದರ ಮೇಲೆ ಒಮ್ಮೆ ಕಟ್ಟಿದರೆ ಡೆಬಿಯನ್‌ನಲ್ಲಿಯೂ ಫೆಡೋರಾದಲ್ಲಿಯೂ ಅದೇ ಓಡುತ್ತದೆ. ಸ್ಟ್ಯಾಂಡರ್ಡ್ ಬೇಸ್ ಕಾಗದದ ಮೇಲೆ ಮಾಡಲು ಹೊರಟದ್ದನ್ನು ಇದು ನಡೆಸಿ ತೋರಿಸಿದೆ.

ಉತ್ತರ 4: ಮೂಲಸೆಲೆ

ಕಾಯುವ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅದು ನಮ್ಮ ಕಡೆಯ ಕೊರತೆ. ಫ್ಲಾಟ್‌ಪ್ಯಾಕ್ ವಿಷಯದಲ್ಲಿಯೂ ಅರ್ಧ ಒಪ್ಪುತ್ತೇನೆ, ಏಕೆಂದರೆ ಅಲ್ಲಿ ಲಿಬ್‌ಜೆಪೆಗ್ ರನ್‌ಟೈಮ್‌ನೊಳಗೇ ಇದೆ, ಅದಕ್ಕೆ ತೇಪೆ ಹಾಕುವವರು ಇದ್ದಾರೆ. ನನ್ನ ಚಿಂತೆ ಲೈಬ್ರರಿಗಳನ್ನೆಲ್ಲ ತಾನೇ ಹೊತ್ತುಕೊಂಡು ಹೋಗುವ ಕಡತಗಳ ಬಗ್ಗೆ. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಚಿತ್ರಗಳನ್ನು ಓದುವ ಲಿಬ್‌ವೆಬ್‌ಪಿಯ ದೋಷ ಹೊರಬಿದ್ದಾಗ ಡಿಸ್ಟ್ರೋದ ಒಂದು ಪ್ಯಾಕೇಜ್ ಸರಿಪಡಿಸಿದರೆ ಅದನ್ನು ಹಂಚಿಕೊಂಡಿದ್ದ ಪ್ರೋಗ್ರಾಂಗಳೆಲ್ಲ ಸರಿಹೋದವು. ತಮ್ಮದೇ ಪ್ರತಿಯನ್ನು ಹೊತ್ತಿದ್ದ ಬ್ರೌಸರ್‌ಗಳು, ಒಳಗೆ ಬ್ರೌಸರನ್ನೇ ಇಟ್ಟುಕೊಂಡ ಎಲೆಕ್ಟ್ರಾನ್ ತಂತ್ರಾಂಶಗಳು ಒಂದೊಂದಾಗಿ ಹೊಸ ಬಿಡುಗಡೆ ಮಾಡಬೇಕಾಯಿತು. ಇವರದೂ ಯಾರೋ ಕೊಟ್ಟ ಚಿತ್ರಗಳನ್ನು ತೆರೆಯುವ ಪ್ರೋಗ್ರಾಂ. ಲೈಬ್ರರಿಯನ್ನು ಜೊತೆಗೆ ಕಳಿಸುವವರು ಅದರ ಭದ್ರತೆಯ ಸುದ್ದಿಯನ್ನೂ ವರ್ಷಗಟ್ಟಲೆ ಗಮನಿಸುತ್ತಿರಬೇಕು. ಅದನ್ನು ಹೊರುವ ಮನಸ್ಸಿದ್ದರೆ ಮಾಡಲಿ, ನಾನು ಬೇಡ ಎನ್ನುವುದಿಲ್ಲ.

ಉತ್ತರ 5: ಬೆಳ್ಳಿಚುಕ್ಕಿ

ಇಬ್ಬರಿಗೂ ಮನಸಾರೆ ಧನ್ಯವಾದ. ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ.

ಕೊಂಡಿಯನ್ನು ಅಂದೇ ಅಳಿಸಿದೆವು. ಮೇಕ್ ಕಡತದಲ್ಲಿ ಲೈಬ್ರರಿಯ ಜಾಗವನ್ನು ನಾನು ಎರಡು ಕಡೆ ಕೈಯಾರೆ ಬರೆದಿದ್ದೆ, ಎರಡನ್ನೂ ತೆಗೆದೆ. ಡೆಬಿಯನ್ 12ರ ಕಂಟೇನರಿನಲ್ಲಿ ಕಟ್ಟಿದ್ದು ಗೆಳತಿಯ ಯಂತ್ರದಲ್ಲಿ ಒಂದೇ ಏಟಿಗೆ ಓಡಿತು. ಪ್ರೋಗ್ರಾಂ ಯಾವ ಲೈಬ್ರರಿ ಹಿಡಿಯುತ್ತದೆ ಎಂದು ತೋರಿಸುವ ಎಲ್‌ಡಿಡಿ ಆಜ್ಞೆ ಕೊಟ್ಟು ನೋಡಿದರೆ ಅದೇ ಕೋಡ್ ಅಲ್ಲಿ 62ನ್ನೂ ನನ್ನಲ್ಲಿ 8ನ್ನೂ ತೋರಿಸುತ್ತಿದೆ. ಅದನ್ನು ಕಣ್ಣಾರೆ ಕಂಡ ಮೇಲೆ ನೀವು ಹೇಳಿದ್ದು ಪೂರ್ತಿ ಅರ್ಥವಾಯಿತು. ಫೋಟೋಗಳಿಗೆ ಹೆಸರು ಬಿದ್ದಿವೆ. ಕ್ಯಾಮೆರಾದ ಗಡಿಯಾರ ತಪ್ಪಿದ್ದ ಸುಮಾರು 300 ಮಾತ್ರ ಉಳಿದಿವೆ, ಅವುಗಳನ್ನು ಅವಳು ತಾಯಿಯ ಪಕ್ಕದಲ್ಲಿ ಕುಳಿತು ಕೇಳಿ ಕೇಳಿ ಸರಿಮಾಡುತ್ತಿದ್ದಾಳೆ.

ಫ್ಲಾಟ್‌ಪ್ಯಾಕ್ ಕೂಡ ಕಲಿಯುತ್ತಿದ್ದೇನೆ, ಕಿರುದಾರಿಯವರೇ. ಆಪ್‌ಇಮೇಜ್ ಸದ್ಯಕ್ಕೆ ಬೇಡವೆನಿಸಿತು, ಲೈಬ್ರರಿಗಳ ಭದ್ರತೆಯನ್ನು ಕಾಯುವಷ್ಟು ಸಮಯ ನನ್ನಲ್ಲಿಲ್ಲ.

ಫೆಡೋರಾದ ಗೆಳೆಯನಿಗೆ ಈ ಬಾರಿ ಮೂಲ ಕೋಡ್ ಕಳಿಸಿದೆ. ಅವನಲ್ಲಿರುವುದು ನನ್ನದಕ್ಕಿಂತ ಹೊಸ ಕಂಪೈಲರ್. ಕಟ್ಟುವಾಗ ಒಂದು ಕಡತದಲ್ಲಿ ಸಂಖ್ಯೆಗಳ ಬಗೆಗಳನ್ನು ಹೇಳುವ ಹೆಡರ್ ಬಿಟ್ಟುಹೋಗಿದೆ ಎಂದು ನಿಂತಿತಂತೆ. ನನ್ನ ಕಡೆ ಬೇರೆ ಹೆಡರ್‌ಗಳು ಅದನ್ನು ತಾವಾಗಿಯೇ ಎಳೆದು ತರುತ್ತಿದ್ದವು, ಹಾಗಾಗಿ ನನಗೆ ಗೊತ್ತೇ ಆಗಿರಲಿಲ್ಲ. ಅವನು ಒಂದು ಸಾಲಿನ ತೇಪೆ ಹಾಕಿ ಓಡಿಸಿಕೊಂಡ. ನಿಮ್ಮ ನಾಲ್ಕು ಸಾಲಿನ ಕಥೆ ಅವನಿಗೆ ಹೇಳಿದೆ. ಆ ರಾತ್ರಿಯೇ ತೇಪೆ ಕಳಿಸಿಕೊಟ್ಟ. ಅವನ ಹೆಸರಿನಲ್ಲೇ ಸೇರಿಸಿ 0.3 ಎಂಬ ಸಂಖ್ಯೆಯೊಂದಿಗೆ ನಿನ್ನೆ ಬಿಡುಗಡೆ ಮಾಡಿದ್ದೇನೆ.